ಗಾಡಿಯ ಹೊರಗಿನ ದೀಪ

ರಾತ್ರಿಯ ಹೊತ್ತು ಜಾತ್ರೆಗೋ ಮದುವೆಗೋ ಹೊರಟ ಕಮಾನು ಗಾಡಿಯ ಅಚ್ಚಿನ ಕೆಳಗೆ ಒಂದು ಕಂದೀಲು ತೂಗಾಡುತ್ತಿದ್ದುದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಆ ದೀಪ ಗಾಡಿಯೊಳಗೆ ಕುಳಿತವರಿಗಾಗಿ ಇದ್ದುದಲ್ಲ; ದಾರಿಯನ್ನು ದೂರದವರೆಗೆ ಬೆಳಗುವ ಶಕ್ತಿಯೂ ಅದಕ್ಕೆ ಇರಲಿಲ್ಲ. ಇಲ್ಲೊಂದು ಗಾಡಿ ಬರುತ್ತಿದೆ ಎಂದು ಎದುರಿನವರಿಗೆ ತಿಳಿಸುವುದು, ಇಳಿಯುವವರ ಕಾಲಿಗೆ ನೆಲವನ್ನು ತೋರಿಸುವುದು, ಇಷ್ಟೇ ಅದರ ಕೆಲಸ. ಅಮೆರಿಕದ ಪಶ್ಚಿಮ ಭಾಗದ ಮರುಭೂಮಿಗಳಲ್ಲಿ, ಬೆಟ್ಟದ ಕಾಡುಗಳಲ್ಲಿ, ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ತಿರುಗುವ ಪ್ರವಾಸಿಗೆ ಇಂದು ಬೇಕಾಗಿರುವುದೂ ಹೆಚ್ಚುಕಡಿಮೆ ಅದೇ ಕಂದೀಲು. ಆದರೆ ಅದನ್ನು ತೂಗುಹಾಕುವುದು ಮಾತ್ರ ಅಷ್ಟು ಸುಲಭವಲ್ಲ.

ಪಿಕಪ್ ಟ್ರಕ್ಕೆಂದರೆ ಕರ್ನಾಟಕದ ಪಟ್ಟಣಗಳಲ್ಲಿಯೂ ತರಕಾರಿಯನ್ನೋ ಸಿಮೆಂಟನ್ನೋ ಹೊತ್ತು ತಿರುಗುವ ವಾಹನವೇ. ಅದರ ಹಿಂದಿನ ತೆರೆದ ತೊಟ್ಟಿಯಲ್ಲಿ, ಮೂಟೆಗಳಿರಬೇಕಾದ ಎಡೆಯಲ್ಲಿ, ಒಂದು ಪುಟ್ಟ ಕೋಣೆಯನ್ನು ಕೂರಿಸಿದರೆ ಅದೇ ಟ್ರಕ್ ಕ್ಯಾಂಪರ್. ಮಲಗಲು ಹಾಸಿಗೆ, ಅಡುಗೆಗೆ ಗ್ಯಾಸಿನ ಒಲೆ, ಕೈ ತೊಳೆಯಲು ಬೋಗುಣಿ, ಎಲ್ಲವೂ ಅದರೊಳಗೆ ಉಂಟು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿ ಚಾರ್ಲಿಯೊಡನೆ ದೇಶವನ್ನು ಸುತ್ತಿದ್ದು ಇಂತಹದೇ ಗಾಡಿಯಲ್ಲಿ. ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ನೆನಪಿಗೆ ಆತ ಅದನ್ನು ರೋಸಿನಾಂಟೆ ಎಂದು ಕರೆದ. ಪ್ರವಾಸಕಥನ 1962ರಲ್ಲಿ ಹೊರಬಂತು. ಗಾಡಿ ಆತನ ಹುಟ್ಟೂರಾದ ಕ್ಯಾಲಿಫೋರ್ನಿಯದ ಸಲೀನಾಸಿನಲ್ಲಿ, ಆತನ ಹೆಸರಿನ ಸ್ಮಾರಕ ಭವನದ ಸ್ವತ್ತಾಯಿತು.

ಸ್ಟೈನ್‌ಬೆಕ್ಕನ ಗಾಡಿಯ ಮಾಡು ಅಲುಗದ ಮಾಡು. ಇಲ್ಲಿ ಹೇಳಹೊರಟಿರುವುದು ಏಳುವ ಮಾಡಿನ ಸಂಗತಿ. ಎತ್ತರದ ಕೋಣೆಯನ್ನು ಹೊತ್ತ ಟ್ರಕ್ಕು ಗಾಳಿಗೆ ಓಲಾಡುತ್ತದೆ, ಮರದ ಕೊಂಬೆಗೆ ತಗಲುತ್ತದೆ, ಇಂಧನವನ್ನೂ ಹೆಚ್ಚಾಗಿ ಕುಡಿಯುತ್ತದೆ. ಆದುದರಿಂದ ಓಡುವಾಗ ಮಾಡನ್ನು ತಗ್ಗಿಸಿಟ್ಟು, ತಂಗುವಾಗ ಮೇಲೆತ್ತುವ ಉಪಾಯವನ್ನು ಕಂಡುಕೊಂಡರು. 1950ರ ದಶಕದಲ್ಲಿಯೇ ಅಲಾಸ್ಕನ್ ಎಂಬ ಹೆಸರಿನ ಕ್ಯಾಂಪರುಗಳು ದ್ರವದ ಒತ್ತಡದಿಂದ ಮಾಡನ್ನು ಎತ್ತುತ್ತಿದ್ದುವು. ಅವುಗಳ ಗೋಡೆ ಗಟ್ಟಿಯಾದುದು. ಅನಂತರ ಬಂದ ಹಗುರವಾದ ಮಾದರಿಗಳಲ್ಲಿ ಮಾಡಿಗೂ ಕೆಳಗೋಡೆಗೂ ನಡುವೆ ಗುಡಾರದಂತೆ ಮಡಿಚಿಕೊಳ್ಳುವ ಬಟ್ಟೆಯ ಗೋಡೆಯಿರುತ್ತದೆ. ಒಳಗಿನಿಂದ ಭುಜ ಕೊಟ್ಟು ನೂಕಿದರೆ ಮಾಡು ಏಳುತ್ತದೆ, ಮನುಷ್ಯ ನೆಟ್ಟಗೆ ನಿಲ್ಲುತ್ತಾನೆ.

ಇಂತಹ ಗಾಡಿಗೆ ತಯಾರಕರು ಸಾಮಾನ್ಯವಾಗಿ ಕೊಡುವುದು ಬಾಗಿಲ ಮೇಲೊಂದು ದೀಪ. ಅದು ಹೊಸ್ತಿಲನ್ನು ಬೆಳಗುತ್ತದೆಯೇ ಹೊರತು ಗಾಡಿಯ ಮಗ್ಗುಲನ್ನಲ್ಲ. ಕತ್ತಲಾದ ಮೇಲೆ ಬೀಡು ಸೇರಿದವನು ಗಾಡಿ ಸಮತಟ್ಟಾಗಿ ನಿಂತಿದೆಯೇ ಎಂದು ನೋಡಬೇಕು, ಗ್ಯಾಸಿನ ಸಿಲಿಂಡರಿನ ಕೀಲನ್ನು ತಿರುಗಿಸಬೇಕು, ಮಾಡನ್ನು ಬಿಗಿಹಿಡಿದಿರುವ ಕೊಂಡಿಗಳನ್ನು ನಾಲ್ಕೂ ಮೂಲೆಯಲ್ಲಿ ಕಳಚಬೇಕು. ಒಂದು ಕೊಂಡಿಯನ್ನು ಮರೆತು ಮಾಡನ್ನೆತ್ತಿದರೆ ಚೌಕಟ್ಟು ಸೊಟ್ಟಗಾಗುತ್ತದೆ. ಕೈಯಲ್ಲಿ ಟಾರ್ಚು ಹಿಡಿದರೆ ಕೆಲಸಕ್ಕೆ ಉಳಿಯುವುದು ಒಂದೇ ಕೈ. ಹೀಗಾಗಿ ಗಾಡಿಯ ಮೂರು ಮಗ್ಗುಲಿಗೂ ದೀಪ ಬೇಕೆನ್ನುವುದು ಬರಿಯ ಶೋಕಿಯ ಮಾತಲ್ಲ.

ದೀಪವನ್ನು ಎಲ್ಲಿ ಕೂರಿಸಬೇಕು ಎಂಬಲ್ಲಿಂದಲೇ ತೊಡಕು ಮೊದಲಾಗುತ್ತದೆ. ಕೆಳಗಿನ ಗಟ್ಟಿಗೋಡೆಗೆ ಕೂರಿಸಿದರೆ ತಂತಿಯ ಕೆಲಸ ಸುಲಭ. ಆದರೆ ಬೆಳಕು ನಿಂತವರ ಕಣ್ಣಿಗೇ ನೇರವಾಗಿ ಹೊಡೆಯುತ್ತದೆ. ಮಾಡಿನ ಅಂಚಿಗೆ ಕೂರಿಸಿದರೆ ಸುಮಾರು ಎಂಟು ಅಡಿ ಮೇಲಿನಿಂದ ಬೆಳಕು ನೆಲಕ್ಕೆ ಇಳಿಯುತ್ತದೆ, ನೆರಳೂ ಕಡಮೆ. ಆದರೆ ಮಾಡು ಏಳುವ ಮನೆಯಲ್ಲಿ ತಂತಿಯೂ ಏಳಬೇಕು! ಬಿಗಿಯಾಗಿ ಎಳೆದ ತಂತಿ ಮೊದಲನೆಯ ದಿನವೇ ಕಿತ್ತುಬರುತ್ತದೆ. ಸಡಿಲವಾಗಿ ಬಿಟ್ಟ ತಂತಿ ಮಾಡು ಇಳಿಯುವಾಗ ಎರಡು ಅಂಚುಗಳ ನಡುವೆ ಸಿಕ್ಕಿ ಅಡಕೊತ್ತಿನಲ್ಲಿ ಸಿಕ್ಕ ಅಡಕೆಯಂತಾಗುತ್ತದೆ. ಹಳೆಯ ಟೆಲಿಫೋನಿನ ಹಗ್ಗದಂತೆ ಸುರುಳಿಯಾದ ತಂತಿಯನ್ನು ಒಳಮೂಲೆಯಲ್ಲಿ ಇಳಿಬಿಡುವುದೇ ಇದಕ್ಕೆ ಒಪ್ಪುವ ದಾರಿ. ಮಾಡಿನೊಡನೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಅದರೊಳಗಿನ ತಾಮ್ರವೂ ಒಂದೇ ಗಟ್ಟಿ ಎಳೆಯದಾಗಿರದೆ, ಕೂದಲಿನಂತಹ ಅನೇಕ ಎಳೆಗಳನ್ನು ಹೊಸೆದುದಾಗಿರಬೇಕು. ಗಟ್ಟಿ ತಂತಿಯನ್ನು ನೂರಾರು ಸಲ ಬಗ್ಗಿಸಿದರೆ ಅದು ಮೇಲುಹೊದಿಕೆಯೊಳಗೇ ಮುರಿಯುತ್ತದೆ; ದೀಪ ಏಕೆ ಆರಿತೆಂದು ಹುಡುಕುವವನಿಗೆ ಏನೂ ಕಾಣುವುದಿಲ್ಲ.

ಇನ್ನು ತೂತಿನ ವಿಷಯ. ದೀಪವನ್ನು ಕೂರಿಸಲು ಮಾಡಿಗೆ ತೂತು ಕೊರೆಯಬೇಕು. ಕೊರೆದ ಪ್ರತಿಯೊಂದು ತೂತೂ ಮಳೆಗೆ ಕೊಟ್ಟ ಆಮಂತ್ರಣ. ಮೇಲೆ ಅಲ್ಯೂಮಿನಿಯಂ ತಗಡಿದ್ದರೂ ಎಷ್ಟೋ ಮಾದರಿಗಳಲ್ಲಿ ಒಳಗೆ ಮರದ ಹಲಗೆಯಿರುತ್ತದೆ. ನೀರು ಹನಿಹನಿಯಾಗಿ ಇಳಿದು ಮರ ಕೊಳೆತುದು ಮನೆಯವರಿಗೆ ತಿಳಿಯುವ ವೇಳೆಗೆ ಎರಡು ಮಳೆಗಾಲ ಕಳೆದಿರುತ್ತದೆ. ಬ್ಯುಟೈಲ್ ಎಂಬ ಅಂಟುಪಟ್ಟಿ ಎಂದಿಗೂ ಪೂರ್ತಿ ಗಟ್ಟಿಯಾಗದೆ, ಬಿಸಿಲಿಗೆ ತಗಡು ಹಿಗ್ಗಿದಾಗ ತಾನೂ ಹಿಗ್ಗುತ್ತದೆ. ಬಲ್ಲವರು ಅದನ್ನು ದೀಪದ ಕೆಳಗೆ ಹಾಸಿ, ಮೊಳೆಯ ತಲೆಯ ಮೇಲೆ ಬೇರೊಂದು ಲೇಪವನ್ನು ಬಳಿಯುತ್ತಾರೆ. ತೂತೇ ಬೇಡವೆಂದು ಬರಿಯ ಅಂಟಿನಿಂದ ದೀಪವನ್ನು ಅಂಟಿಸುವವರೂ ಉಂಟು. ಹಗುರವಾದ ಪಟ್ಟಿದೀಪಗಳಿಗೆ ಅದು ಸಾಲುತ್ತದೆ. ಭಾರವಾದುದನ್ನು ಹಾಗೆ ಅಂಟಿಸಿ ಹೆದ್ದಾರಿಯಲ್ಲಿ ಗಾಡಿಯನ್ನೋಡಿಸುವುದು ಹಿಂದೆ ಬರುವವರ ಕ್ಷೇಮದೃಷ್ಟಿಯಿಂದ ತಕ್ಕುದಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಯೋಚಿಸಬೇಕಾದುದು ಬ್ಯಾಟರಿಯ ಲೆಕ್ಕ. ಗಾಡಿಯ ವಿದ್ಯುತ್ತು 12 ವೋಲ್ಟಿನದು. ಹಳೆಯ ಕಾಲದ 21 ವ್ಯಾಟಿನ ಬುರುಡೆಗಳನ್ನು ನಾಲ್ಕು ಹಚ್ಚಿದರೆ ಗಂಟೆಗೆ 7 ಆಂಪಿಯರ್ ಗಂಟೆ ಖರ್ಚು. ಆರು ಗಂಟೆಯಲ್ಲಿ 42. 100 ಆಂಪಿಯರ್ ಗಂಟೆಯ ಸೀಸದ ಬ್ಯಾಟರಿಯಲ್ಲಿ, ಅದು ಬಹುಕಾಲ ಬಾಳಬೇಕಾದರೆ, ಬಳಸಬಹುದಾದುದು ಅರ್ಧ ಮಾತ್ರ. ಚಳಿಯಲ್ಲಿ ಇನ್ನೂ ಕಡಮೆ. ಈ ಕಷ್ಟವನ್ನು ಹಗುರ ಮಾಡಿದುದು ಎಲ್.ಇ.ಡಿ. ದೀಪ. ಜಪಾನಿನ ಅಕಸಾಕಿ, ಅಮಾನೊ ಮತ್ತು ಅಲ್ಲಿಯೇ ಹುಟ್ಟಿದ ನಕಮುರ ನೀಲಿ ಬೆಳಕಿನ ಎಲ್.ಇ.ಡಿ.ಯನ್ನು ಸಾಧಿಸಿದುದರಿಂದಲೇ ಬಿಳಿಯ ಬೆಳಕಿನ ಎಲ್.ಇ.ಡಿ. ಸಾಧ್ಯವಾಯಿತು; ಆ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. 10 ವ್ಯಾಟಿನ ನಾಲ್ಕು ಎಲ್.ಇ.ಡಿ.ಗಳು ಆರು ಗಂಟೆ ಉರಿದರೂ ವೆಚ್ಚ 20 ಆಂಪಿಯರ್ ಗಂಟೆ, ಬೆಳಕಾದರೋ ಹಳೆಯದಕ್ಕಿಂತ ಹೆಚ್ಚು.

ಆದರೂ ಮೈಮರೆಯುವಂತಿಲ್ಲ. ಯೂಟಾದ ಎತ್ತರದ ಪ್ರಸ್ಥಭೂಮಿಯಲ್ಲಿ ಶರತ್ಕಾಲದ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುತ್ತದೆ. ಹೊರಗಿನ ದೀಪವನ್ನು ಆರಿಸಲು ಮರೆತು ಮನೆಯವರು ಮಲಗಿದರೆಂದು ಭಾವಿಸೋಣ. ಒಳಗೆ ಶೀತಪೆಟ್ಟಿಗೆಯೂ ಅದೇ ಬ್ಯಾಟರಿಯನ್ನು ಹೀರುತ್ತಿರುತ್ತದೆ. ಕೋಣೆಯನ್ನು ಬೆಚ್ಚಗಿಡುವ ಒಲೆ ಉರಿಯುವುದು ಗ್ಯಾಸಿನಿಂದಲೇ ಆದರೂ ಅದರ ಫ್ಯಾನು ತಿರುಗಲು ಎರಡು ಮೂರು ಆಂಪಿಯರ್ ವಿದ್ಯುತ್ತು ಬೇಕು. ಬ್ಯಾಟರಿ ಬಳಲಿದಂತೆ ಫ್ಯಾನು ನಿಧಾನವಾಗುತ್ತದೆ. ಸಾಕಷ್ಟು ಗಾಳಿ ಬೀಸದಿದ್ದರೆ ಒಲೆಯೊಳಗಿನ ರಕ್ಷಣೆಯ ಸ್ವಿಚ್ಚು ಗ್ಯಾಸನ್ನೇ ಹರಿಯಗೊಡದು. ಸಿಲಿಂಡರಿನ ತುಂಬ ಗ್ಯಾಸಿದ್ದೂ ನಡುರಾತ್ರಿ ಮಕ್ಕಳು ನಡುಗುತ್ತಾ ಏಳುವುದು ಹೀಗೆ. ಗೋಡೆಯಾದರೋ ಬಟ್ಟೆಯದು, ಚಳಿಗೆ ಎಷ್ಟೆಂದು ತಡೆಯಾದೀತು? ಇಷ್ಟು ಗಂಟೆಗೆ ತಾನೇ ಆರುವ ಸ್ವಿಚ್ಚೊಂದನ್ನು ದೀಪಕ್ಕೆ ಜೋಡಿಸುವುದು ಮೇಲು. ಅದಿಲ್ಲದಿದ್ದರೆ ಹೊರಗೆ ದೀಪ ಉರಿಯುತ್ತಿದೆಯೆಂದು ಒಳಗಿದ್ದವರಿಗೆ ತಿಳಿಸುವ ಕೆಂಪು ಚುಕ್ಕಿಯಾದರೂ ಬೇಕು.

ತಂತಿಯ ದಪ್ಪದಲ್ಲಿ ಜಿಪುಣತನ ಸಲ್ಲದು. ಮನೆಯ 230 ವೋಲ್ಟಿನಲ್ಲಿ ಅರ್ಧ ವೋಲ್ಟು ದಾರಿಯಲ್ಲಿ ಕಳೆದರೆ ಯಾರಿಗೂ ತಿಳಿಯದು. 12 ವೋಲ್ಟಿನಲ್ಲಿ ಅದೇ ನೂರಕ್ಕೆ ನಾಲ್ಕರಷ್ಟು ನಷ್ಟ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಜು ಇರಲೇಬೇಕು. ತಂತಿಯ ಹೊದಿಕೆ ಎಲ್ಲಿಯಾದರೂ ತಗಡಿಗೆ ಉಜ್ಜಿ ಹರಿದರೆ ಬ್ಯಾಟರಿ ನೂರಾರು ಆಂಪಿಯರನ್ನು ಒಮ್ಮೆಗೇ ಸುರಿಯಬಲ್ಲದು. ತಂತಿ ಕೆಂಪಗೆ ಕಾಯುವುದು ಹಾಸಿಗೆಯ ಪಕ್ಕದಲ್ಲಿಯೇ. ಐದು ಆಂಪಿಯರಿನ ಫ್ಯೂಜು ಅಷ್ಟರೊಳಗೆ ತಾನು ಸುಟ್ಟು ಮನೆಯನ್ನುಳಿಸುತ್ತದೆ.

ಬಣ್ಣದ ವಿಚಾರದಲ್ಲಿ ಕೀಟಗಳು ತೀರ್ಪು ಕೊಟ್ಟಾಗಿದೆ. ನೀಲಿಯ ಅಂಶ ಹೆಚ್ಚಾಗಿರುವ ಬೆಳ್ಳನೆಯ ಬೆಳಕಿಗೆ ಅವು ಮುತ್ತುತ್ತವೆ, ಹಳದಿಗೆ ಕಡಮೆ. ಆದುದರಿಂದ ಹಲವರು ಬಿಳಿ, ಹಳದಿ ಎರಡನ್ನೂ ಕೊಡುವ ದೀಪವನ್ನು ಕೊಂಡು, ಕೆಲಸಕ್ಕೆ ಬಿಳಿಯನ್ನೂ ಊಟಕ್ಕೆ ಹಳದಿಯನ್ನೂ ಹಚ್ಚುತ್ತಾರೆ. ತಂಗುವ ದೀಪಗಳಾವುವೂ ರಸ್ತೆಯಲ್ಲಿ ಉರಿಯಬಾರದು. ರಸ್ತೆಗೆ ಬೇರೆಯೇ ದೀಪಗಳುಂಟು: 80 ಅಂಗುಲ ಅಥವಾ ಅದಕ್ಕಿಂತ ಅಗಲವಾದ ವಾಹನಗಳಿಗೆ ಮುಂದೆ ಕಿತ್ತಳೆ, ಹಿಂದೆ ಕೆಂಪು ಗಡಿದೀಪಗಳಿರಬೇಕೆಂದು ಅಮೆರಿಕದ ಕಾನೂನು ವಿಧಿಸುತ್ತದೆ.

ಇಷ್ಟೆಲ್ಲ ಶ್ರಮಪಟ್ಟು ಬೆಳಕನ್ನು ಮಾಡಿಕೊಂಡವನು ಹೋಗಿ ತಂಗುವುದಾದರೂ ಎಲ್ಲಿ? ಕತ್ತಲೆಗಾಗಿಯೇ ಜನ ಹುಡುಕಿಕೊಂಡು ಬರುವ ಸ್ಥಳಗಳಲ್ಲಿ. ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಪಟ್ಟಣ 1958ರಷ್ಟು ಹಿಂದೆಯೇ ಜಾಹೀರಾತಿನ ಶೋಧದೀಪಗಳನ್ನು ನಿಷೇಧಿಸಿತು. 1930ರಲ್ಲಿ ಪ್ಲೂಟೋವನ್ನು ಕಂಡುಹಿಡಿದ ಲೊವೆಲ್ ವೀಕ್ಷಣಾಲಯ ಇರುವುದು ಅಲ್ಲಿಯೇ. ಯೂಟಾದ ನ್ಯಾಚುರಲ್ ಬ್ರಿಜಸ್ 2007ರಲ್ಲಿ ಜಗತ್ತಿನ ಮೊದಲನೆಯ ಅಂತರರಾಷ್ಟ್ರೀಯ ಕಗ್ಗತ್ತಲ ಉದ್ಯಾನವೆಂಬ ಮನ್ನಣೆಯನ್ನು ಪಡೆಯಿತು. ಲಡಾಖಿನ ಹಾನ್ಲೆಯಲ್ಲಿಯೂ 2022ರಲ್ಲಿ ಇಂತಹ ಕತ್ತಲೆಯ ಕಾಪು ಏರ್ಪಟ್ಟಿದೆ. ಅಲ್ಲಿನ ದೂರದರ್ಶಕವನ್ನು ನಡೆಸುವವರು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತಿರುತ್ತಾರೆ. ಇಂತಹೆಡೆಗಳಲ್ಲಿ ಪಕ್ಕದ ಗಾಡಿಯವರು ಕತ್ತಲೆಗೆ ಕಣ್ಣು ಹೊಂದಿಸಿಕೊಳ್ಳಲು ಅರ್ಧಗಂಟೆ ಕಾದು, ಆಕಾಶಗಂಗೆ ಇನ್ನೇನು ಮೂಡಿತೆನ್ನುವಾಗ ಫಕ್ಕನೆ ನಾಲ್ಕು ದೀಪ ಹೊತ್ತಿದರೆ ಅವರ ಅರ್ಧಗಂಟೆ ಮತ್ತೆ ಮೊದಲಿನಿಂದ ಆರಂಭವಾಗಬೇಕು. ಜಗಳಗಳು ಆಗದೆ ಇಲ್ಲ. ದೀಪಕ್ಕೆ ಮೇಲೂ ಪಕ್ಕಕ್ಕೂ ಮರೆಯಿಟ್ಟು ಬೆಳಕನ್ನು ನೆಲಕ್ಕೆ ಮಾತ್ರ ಬೀಳಿಸುವುದು, ತಗ್ಗಿಸುವ ಗುಂಡಿಯನ್ನಿಡುವುದು, ಮೂರು ಮಗ್ಗುಲಿಗೂ ಬೇರೆ ಬೇರೆ ಸ್ವಿಚ್ಚುಗಳನ್ನು ಕೊಡುವುದು, ಇವು ಹಣ ಹೆಚ್ಚು ಬೇಡದ ಉಪಾಯಗಳು. ಪೇಟೆಯಲ್ಲಿ ಅತ್ಯಂತ ಪ್ರಖರವಾದ ದೀಪವನ್ನೇ ಕೇಳಿ ಕೊಳ್ಳುವವನಿಗೆ ಮಾತ್ರ ಇವು ಹೊಳೆಯುವುದಿಲ್ಲ.

ಸ್ವಿಚ್ಚುಗಳಲ್ಲಿ ಒಂದನ್ನು ಬಾಗಿಲ ಬಳಿಯಲ್ಲಲ್ಲದೆ ಹಾಸಿಗೆಯ ತಲೆದೆಸೆಯಲ್ಲಿ, ಮಲಗಿದಲ್ಲಿಂದಲೇ ಕೈಗೆ ಸಿಗುವಂತೆ ಇಡಬೇಕೆಂದು ಅನುಭವಿಗಳು ಹೇಳುತ್ತಾರೆ. ಕಾಡಿನ ಬೀಡುಗಳಲ್ಲಿ ಕರಡಿ ಆಹಾರದ ವಾಸನೆಗೆ ಗಾಡಿಯ ಬಳಿಗೆ ಬರುವುದುಂಟು. ಬಟ್ಟೆಗೋಡೆಯ ಆಚೆ ಏನೋ ಸರಿದಾಡಿದ ಸದ್ದಾದರೆ, ಬಾಗಿಲನ್ನು ತೆರೆಯದೆ, ಒಳದೀಪವನ್ನು ಹಚ್ಚದೆ, ಹೊರಗನ್ನು ಮಾತ್ರ ಬೆಳಗಿಸಿ ಕಿಟಕಿಯ ಸಂದಿಯಿಂದ ನೋಡಬಹುದು. ಎಷ್ಟೋ ಸಲ ಅದು ಎಂಜಲು ತಟ್ಟೆಯನ್ನು ನೆಕ್ಕಲು ಬಂದ ರಕೂನ್ ಎಂಬ ಚಿಕ್ಕ ಪ್ರಾಣಿಯಾಗಿರುತ್ತದೆ.