ಅಪ್ಪನ ಕಣ್ಣು ತಪ್ಪಿಸಿ ಉಣ್ಣುವ ಮಗಳು

ಓದುಗರೇ, ನಿಮ್ಮ ಮನೆಯಲ್ಲಿ ಹದಿನಾಲ್ಕು ದಾಟಿದ ಮಗಳಿದ್ದರೆ ಒಂದು ಮಾತು ಕೇಳುತ್ತೇನೆ. ಕಳೆದ ರಮಝಾನ್‌ನಲ್ಲಿ ಅವಳಿಗೆ ಉಪವಾಸ ಇಲ್ಲದಿದ್ದ ದಿನಗಳಲ್ಲಿ ಅವಳು ಮಧ್ಯಾಹ್ನ ಏನು ಉಂಡಳು? ಎಲ್ಲಿ ಕುಳಿತು ಉಂಡಳು? ತಾಯಂದಿರಿಗೆ ಉತ್ತರ ಗೊತ್ತಿದೆ. ನಾನು ಕೇಳುತ್ತಿರುವುದು ತಂದೆಯರನ್ನು.

ನನಗೆ ಗೊತ್ತಿರಲಿಲ್ಲ. ಸೇಡಂನಲ್ಲಿ ದವಾಖಾನೆ ನಡೆಸುತ್ತಿರುವವನು ನಾನು. ಚಿತ್ತಾಪುರ, ವಾಡಿ, ಶಹಾಬಾದ್‌ನಿಂದ ರೋಗಿಗಳು ಬರುತ್ತಾರೆ, ವಾರಕ್ಕೊಮ್ಮೆ ನಾನೇ ಚಿಂಚೋಳಿಗೆ ಹೋಗುತ್ತೇನೆ. ಇಷ್ಟು ಊರುಗಳ ಜನರ ನಾಡಿ ಹಿಡಿದು ನೋಡಿದವನು ನನ್ನ ಮಗಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು. ಮೊಬೈಲ್ ನೋಡುವುದು ಹೆಚ್ಚಾಯಿತು ಎಂದು ಬೈದಿದ್ದೆ, ಅಷ್ಟೆ.

ಮಾರ್ಚ್ ತಿಂಗಳು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಅವಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದಳು. ಒಂದು ದಿನ ಅಸರ್ ನಮಾಝಿಗೆ ಸ್ವಲ್ಪ ಮುಂಚೆ ಪುಸ್ತಕ ಹಿಡಿದುಕೊಂಡೇ ಬಿದ್ದಳು. ಉಪವಾಸದ ಸುಸ್ತು ಎಂದುಕೊಂಡು, ನೀರು ಕುಡಿಸಲೋ ಬೇಡವೋ ಎಂದು ನಾನು ಯೋಚಿಸುತ್ತಿದ್ದರೆ ನನ್ನ ಹೆಂಡತಿ ಅಳುತ್ತಾ, "ಕುಡಿಸಿರಿ, ಅವಳಿಗೆ ಇವತ್ತು ರೋಝಾ ಇಲ್ಲ" ಅಂದಳು.

ಮುಟ್ಟಿನ ಮೂರನೇ ದಿನವಾಗಿತ್ತು. ತಮ್ಮಂದಿರು ಯಾಕೆ ಏಳಲಿಲ್ಲ ಎಂದು ಕೇಳುತ್ತಾರೆಂಬ ಸಂಕೋಚಕ್ಕೆ ಸಹರಿಗೆ ನಮ್ಮ ಜೊತೆ ಎದ್ದು ಕೂತಿದ್ದಳು. ಆಮೇಲೆ ಮಗ್ರಿಬ್‌ವರೆಗೆ ಒಂದು ಗುಟುಕು ನೀರಿಲ್ಲ. ಕಾರಣ ಏನು ಗೊತ್ತೇ? ರಮಝಾನ್‌ನಲ್ಲಿ ನಾನು ಮಧ್ಯಾಹ್ನ ದವಾಖಾನೆ ಮುಚ್ಚಿ ಮನೆಗೆ ಬಂದು ಪಡಸಾಲೆಯಲ್ಲಿ ಮಲಗುತ್ತೇನೆ. ನಮ್ಮ ಅಡುಗೆಮನೆಯ ಬಾಗಿಲು ಪಡಸಾಲೆಗೇ ತೆರೆಯುತ್ತದೆ. ನಾನು ಮನೆಯಲ್ಲಿ ಇದ್ದದ್ದೇ ಅವಳ ಹಸಿವಿಗೆ ಕಾರಣ.

ಮರುದಿನ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 8.4 ಗ್ರಾಂ. ಆ ವಯಸ್ಸಿನ ಹುಡುಗಿಗೆ 12 ಆದರೂ ಇರಬೇಕು. ಇದು ಮೂರು ದಿನದ ಹಸಿವಿನಿಂದ ಆದದ್ದಲ್ಲ, ವರ್ಷಗಳಿಂದ ಖಾಲಿಯಾಗುತ್ತಾ ಬಂದದ್ದು.

ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಉಪವಾಸ ಹಿಡಿಯಬಾರದು, ಆ ದಿನಗಳನ್ನು ಆಮೇಲೆ ಖಝಾ ಮಾಡಿಕೊಳ್ಳಬೇಕು ಎಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಮದ್ರಸಾದಲ್ಲಿ ಕಲಿಸುವ ಮಸ್‌ಅಲಾ. ಶರೀಅತ್ ಕೊಟ್ಟ ಈ ರಿಯಾಯಿತಿಯನ್ನು ನಾವು ಮನೆಯೊಳಗೆ ವಾಪಸ್ ಕಿತ್ತುಕೊಂಡಿದ್ದೇವೆ. "ಹಯಾ ಬೇಕಲ್ಲ ಹಕೀಮ್ ಸಾಬ್" ಎಂದು ತಾಯಂದಿರು ನನಗೆ ಹೇಳುತ್ತಾರೆ. ಖಂಡಿತ ಬೇಕು. ಆದರೆ ಹಝ್ರತ್ ಆಯಿಶಾ(ರ) ಮುಟ್ಟಿನ ದಿನಗಳಲ್ಲಿ ನೀರು ಕುಡಿದು ಪಾತ್ರೆಯನ್ನು ಕೊಟ್ಟರೆ, ಪ್ರವಾದಿಯವರು(ಸ) ಅವರು ತುಟಿ ಇಟ್ಟ ಜಾಗದಲ್ಲೇ ತುಟಿ ಇಟ್ಟು ಕುಡಿಯುತ್ತಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅದಕ್ಕಿಂತ ದೊಡ್ಡ ಹಯಾ ನಮ್ಮದೇ?

ದವಾಖಾನೆಯಲ್ಲಿ ನಾನು ದಿನವೂ ಕಾಣುವುದನ್ನು ಹೇಳುತ್ತೇನೆ. ಮಗನಿಗೆ ಜ್ವರ ಬಂದರೆ ತಂದೆ ಗಾಡಿಯ ಮೇಲೆ ಕೂರಿಸಿಕೊಂಡು ಬರುತ್ತಾನೆ. ಮಗಳು ತಾಯಿಯ ಜೊತೆ ಬರುತ್ತಾಳೆ, ತಾಯಿ ಅರ್ಧ ಹೇಳುತ್ತಾಳೆ, ಉಳಿದರ್ಧ ನಾನು ಊಹಿಸಬೇಕು. ಹೆಚ್ಚಿನವರು ಬರುವುದು ಮದುವೆ ಗೊತ್ತಾದ ಮೇಲೆ. "ಹುಡುಗಿ ಬಿಳಿಚಿಕೊಂಡಿದ್ದಾಳೆ, ಸ್ವಲ್ಪ ಬಣ್ಣ ಬರೋ ಔಷಧ ಕೊಡ್ರಿ." ಕೆಳರೆಪ್ಪೆ ಇಳಿಸಿ ನೋಡಿದರೆ ಒಳಗೆ ಸುಣ್ಣ ಬಳಿದ ಗೋಡೆ. ಸೂಉಲ್ ಕಿನ್ಯಾ ಎಂದು ನಮ್ಮ ಯುನಾನಿ ಗ್ರಂಥಗಳು ಕರೆಯುವ ರಕ್ತಹೀನತೆ. ಎರಡು ತಿಂಗಳಲ್ಲಿ ಮದುವೆ, ವರ್ಷದೊಳಗೆ ಬಸಿರು. ಹೆರಿಗೆಯಲ್ಲಿ ಹೋಗುವ ರಕ್ತವನ್ನು ಆ ದೇಹ ಎಲ್ಲಿಂದ ತರಬೇಕು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಮುಟ್ಟಿನಲ್ಲಿ ರಕ್ತ ಹೋಗುತ್ತದೆ, ನಿಜ. ಹಾಗಿದ್ದರೆ ಹೆಚ್ಚು ಉಣ್ಣಬೇಕಾದವಳು ಅವಳು. ಬಕ್ರೀದ್ ದಿನ ಮೊದಲು ಬೇಯುವುದು ಕಲೇಜಿ. ಅದು ಯಾರ ತಟ್ಟೆಗೆ ಹೋಗುತ್ತದೆ ನೆನಪು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ನನಗೆ, ಆಮೇಲೆ ಗಂಡುಮಕ್ಕಳಿಗೆ. ಕಬ್ಬಿಣದ ಅಂಶ ಹೇರಳವಾಗಿರುವ ಆ ತುಂಡು ಬೇಕಾದವರನ್ನು ಬಿಟ್ಟು ಬೇಡದವರ ಹೊಟ್ಟೆ ಸೇರುತ್ತಿತ್ತು.

ದುಬಾರಿ ಟಾನಿಕ್ಕಿನ ಹಿಂದೆ ಓಡಬೇಡಿ. ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪಿನ ಪಲ್ಯ ನಮ್ಮ ನೆಲದ್ದೇ ಊಟ. ಮೇಲೆ ನಿಂಬೆಹಣ್ಣು ಹಿಂಡಿದರೆ ಅದರಲ್ಲಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಕುಡಿಯುವ ಗಟ್ಟಿ ಚಹಾ ಅದನ್ನು ತಡೆಯುತ್ತದೆ, ಒಂದು ತಾಸು ಬಿಟ್ಟು ಕುಡಿಯಿರಿ. ಇಫ್ತಾರ್ ಆದ ತಕ್ಷಣ ಚಹಾ ಬೇಕೆನ್ನುವವರಲ್ಲಿ ನಾನೂ ಒಬ್ಬ, ಒಪ್ಪಿಕೊಳ್ಳುತ್ತೇನೆ. ಇನ್ನು ಔಷಧ. ಶರ್ಬತ್-ಎ-ಫೌಲಾದ್ ನಾನೂ ಬರೆದುಕೊಡುತ್ತೇನೆ. ಆದರೆ ಶಾಲೆಯಲ್ಲಿ ವಾರಕ್ಕೊಮ್ಮೆ ಪುಕ್ಕಟೆ ಕೊಡುವ ನೀಲಿ ಮಾತ್ರೆಯನ್ನು ಉಗುಳಬೇಡ ಎಂದು ಮಗಳಿಗೆ ಹೇಳಿ. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ ಜಂತುಹುಳದ ಮಾತ್ರೆಯೂ ಬೇಕು. ಮಗಳು ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುತ್ತಿದ್ದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರೆ, ಮುಟ್ಟು ಏಳು ದಿನ ಮೀರಿದರೆ, ಇಲ್ಲವೇ ಒಂದೆರಡು ತಾಸಿಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿದ್ದರೆ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿ.

ಇದೆಲ್ಲ ತಾಯಿಯಿಂದಲೂ ಆಗುತ್ತದೆ. ತಂದೆಯಿಂದಲೇ ಆಗಬೇಕಾದದ್ದು ಇನ್ನೊಂದಿದೆ. ಮಗಳ ಹತ್ತಿರ ದಿನ, ತಾರೀಖು ಕೇಳಿ ಅವಳನ್ನು ಮುಜುಗರಕ್ಕೆ ಹಾಕಬೇಕಿಲ್ಲ. ಗಂಡುಮಕ್ಕಳನ್ನು ಕರೆದು, "ಅಕ್ಕನಿಗೆ ಇವತ್ತು ರೋಝಾ ಇದೆಯಾ ಎಂದು ಈ ಮನೆಯಲ್ಲಿ ಯಾರೂ ಕೇಳಬಾರದು" ಎಂದು ಹೇಳಿಬಿಡಿ. ನಾನು ಹೇಳಿದೆ. ದೊಡ್ಡವನು ಯಾಕೆ ಎಂದ. ಬಿಡಿಸಿ ಹೇಳಿದೆ. ಹದಿಮೂರು ವರ್ಷದ ಹುಡುಗ, ತಲೆ ತಗ್ಗಿಸಿ ಕೇಳಿಸಿಕೊಂಡ. ನನಗೆ ಬೆವರು ಬಂತು, ಹತ್ತು ನಿಮಿಷದಲ್ಲಿ ಮುಗಿಯಿತು. ಮಧ್ಯಾಹ್ನದ ನಿದ್ದೆಯನ್ನು ಮಸೀದಿಗೆ ವರ್ಗಾಯಿಸಿದೆ. ಶಅಬಾನ್‌ನ ಒಂದು ಜುಮಾದಲ್ಲಿ ಈ ವಿಷಯ ಎತ್ತಬಹುದೇ ಎಂದು ನಮ್ಮ ಇಮಾಮರನ್ನು ಕೇಳಿದ್ದೇನೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.

ಏಳು ತಿಂಗಳ ಮೇಲೆ ಮಗಳ ಹಿಮೋಗ್ಲೋಬಿನ್ 11.3ಕ್ಕೆ ಬಂತು. ಕಳೆದ ರಮಝಾನ್‌ನ ಆರು ಉಪವಾಸಗಳು ಬಾಕಿ ಇದ್ದವು. ಡಿಸೆಂಬರಿನ ಚಿಕ್ಕ ಹಗಲುಗಳಲ್ಲಿ ಒಂದೊಂದಾಗಿ ಹಿಡಿದಳು. ಸಹರಿಗೆ ಅವಳ ಜೊತೆ ನಾನೂ ಎದ್ದು ಕೂತೆ. ತಮ್ಮಂದಿರು ಏನೂ ಕೇಳಲಿಲ್ಲ. ಚಿಕ್ಕವನು ಮಾತ್ರ ತನ್ನನ್ನು ಯಾಕೆ ಎಬ್ಬಿಸಲಿಲ್ಲ ಎಂದು ಬೆಳಿಗ್ಗೆ ಜಗಳ ತೆಗೆದ, ಸಹರಿಗೆ ಮಾಡಿದ್ದ ಮೊಟ್ಟೆಯಲ್ಲಿ ಅವನ ಪಾಲು ತಪ್ಪಿತ್ತು.