ದೋಣಿಗೆ ಯಾವ ಕ್ಯಾಮೆರಾ?

"ಅಜ್ಜಯ್ಯ, ದೋಣಿಯಂಗೆ ವಿಡಿಯೋ ಮಾಡೂಕೆ ಯಾವ್ ಕ್ಯಾಮೆರಾ ತಕಣ್ಕ್?" ನೆರೆಮನೆಯ ಎಂಟನೇ ತರಗತಿಯ ಮಾಣಿ ಕೇಳಿದ. ಅವನ ಅಜ್ಜ ನಾಡದೋಣಿಯವರು. ವರ್ಷಗಟ್ಟಲೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಕ್ಯಾಮೆರಾದ ವಿಚಾರ ಎಷ್ಟು ಗೊತ್ತು ಎನ್ನಬೇಡಿ. ಸಾಲಕ್ಕೆ ಬಂದವರನ್ನು ನಾವು ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಇಲ್ಲಿಗೂ ಸಾಕು: ಯಾವ ಕೆಲಸಕ್ಕೆ?

ನಮ್ಮ ತ್ರಾಸಿ–ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವುದನ್ನು ಚಿತ್ರೀಕರಿಸುವುದಾದರೆ ದೂರದ ದೋಣಿ ಹತ್ತಿರ ಕಾಣಬೇಕು. ಅದಕ್ಕೆ ಮಸೂರವೇ ಹಿಂದೆ ಮುಂದೆ ಸರಿದು ಜೂಮ್ ಮಾಡುವ ಹ್ಯಾಂಡಿಕ್ಯಾಮ್ ಒಳ್ಳೆಯದು. ಮನೆಯ ಕಪಾಟಿನಲ್ಲಿ ಮಾವನದೋ ಚಿಕ್ಕಪ್ಪನದೋ ಹಳೆಯದೊಂದು ಇದ್ದರೆ ಅದೇ ಸಾಕು.

ದೋಣಿಯ ಒಳಗಿನ ಕತೆ ಬೇರೆ. ಅಲ್ಲಿ ಎರಡು ಕೈಯೂ ಹಗ್ಗಕ್ಕೆ, ಬಲೆಗೆ, ಇಲ್ಲವಾದರೆ ದೋಣಿಯ ಅಂಚು ಹಿಡಿಯಲು ಬೇಕು. ಕ್ಯಾಮೆರಾ ಹಿಡಿಯಲು ಮೂರನೇ ಕೈಯನ್ನು ದೇವರು ಕೊಟ್ಟಿಲ್ಲ. ಆದ್ದರಿಂದ ಎದೆಗೋ ಟೊಪ್ಪಿಗೋ ಕಟ್ಟಿಕೊಳ್ಳುವ ಪುಟ್ಟ ‘ಆಕ್ಷನ್ ಕ್ಯಾಮೆರಾ’ ಬೇಕು. ತೂಕ ಸುಮಾರು 150 ಗ್ರಾಂ, ಅಂದರೆ ಮೂರು ಕೋಳಿಮೊಟ್ಟೆಯಷ್ಟು. ಇದರಲ್ಲಿ ಹೆಸರಾದ ಗೋಪ್ರೋ ಕಂಪೆನಿಯ ಮೊದಲ ಕ್ಯಾಮೆರಾ 2004ರಲ್ಲಿ ಬಂತು. ಕಡಲ ಅಲೆಯ ಮೇಲೆ ಹಲಗೆಯಾಟ ಆಡುವವರು ಮಣಿಕಟ್ಟಿಗೆ ಕಟ್ಟಿಕೊಳ್ಳಲೆಂದು ಮಾಡಿದ್ದು. ಆಗ ಅದರಲ್ಲಿ ಇದ್ದದ್ದು ಫಿಲ್ಮ್ ರೋಲು! ಕುಲುಕಾಟವನ್ನು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆ ಈಗಿನವುಗಳಲ್ಲಿ ಇರುತ್ತದೆ. ಅದಿಲ್ಲದ್ದನ್ನು ತರಬೇಡಿ. ನೋಡುವವರಿಗೆ ಮನೆಯಲ್ಲಿ ಕೂತೇ ಕಡಲ ತಲೆಸುತ್ತು ಬಂದೀತು.

ಇನ್ನು ನೀರು. ಪೆಟ್ಟಿಗೆಯ ಮೇಲೆ ‘ಐಪಿ 67’ ಎಂದು ಬರೆದಿದ್ದರೆ ಏನರ್ಥ? ಮೊದಲ ಅಂಕೆ 6 ಎಂದರೆ ಧೂಳು ಒಳಗೆ ಹೋಗದು. ಎರಡನೆಯ ಅಂಕೆ 7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ತಾಳುತ್ತದೆ. ಆದರೆ ಮಕ್ಕಳೇ, ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ನಮ್ಮದು ಉಪ್ಪುನೀರು, ಕಬ್ಬಿಣದ ಸರಳನ್ನೇ ತಿನ್ನುವಂಥದ್ದು. ದಡಕ್ಕೆ ಬಂದ ಕೂಡಲೇ ಮುಚ್ಚಳಗಳೆಲ್ಲ ಭದ್ರವಾಗಿವೆಯೇ ನೋಡಿ, ಬಾವಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ. ಕೈಜಾರಿದರೆ ತೇಲಲೆಂದು ಹಳದಿಯೋ ಕಿತ್ತಳೆಯೋ ಬಣ್ಣದ ತೇಲುಬೆಂಡು ಕಟ್ಟಿ. ಕ್ಯಾಮೆರಾಕ್ಕೆ ತೇಲುಬೆಂಡು ಕಟ್ಟುವ ಮೊದಲು ನೀವು ಲೈಫ್ ಜಾಕೆಟ್ ಹಾಕಿಕೊಳ್ಳಬೇಕು, ಇದು ಅಜ್ಜನ ಕಟ್ಟಪ್ಪಣೆ.

ಮೆಮೊರಿ ಕಾರ್ಡಿನದ್ದು ನನಗೆ ಇಷ್ಟದ ಲೆಕ್ಕ. ಸಾಧಾರಣ ಹೈ ಡೆಫಿನಿಷನ್ ಚಿತ್ರ ಸೆಕೆಂಡಿಗೆ 30 ಮೆಗಾಬಿಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. 8 ಬಿಟ್‌ಗೆ ಒಂದು ಬೈಟ್. ಆದ್ದರಿಂದ ಸೆಕೆಂಡಿಗೆ 3.75 ಮೆಗಾಬೈಟ್, ಗಂಟೆಗೆ 13,500 ಮೆಗಾಬೈಟ್, ಅಂದರೆ 13.5 ಗಿಗಾಬೈಟ್. 64 ಗಿಗಾಬೈಟ್ ಕಾರ್ಡಿನಲ್ಲಿ ನಾಲ್ಕೂವರೆ ಗಂಟೆ ಹಿಡಿಸೀತು. ಬ್ಯಾಟರಿ ಮಾತ್ರ ಒಂದು, ಒಂದೂವರೆ ಗಂಟೆಗೆ ಕೈಕೊಡುತ್ತದೆ. ಅಂದಮೇಲೆ ದುಡ್ಡು ಮಿಕ್ಕರೆ ದೊಡ್ಡ ಕಾರ್ಡಿಗಿಂತ ಇನ್ನೊಂದು ಬ್ಯಾಟರಿ ತನ್ನಿ. ‘4ಕೆ’ ಎಂದು ಅಂಗಡಿಯವರು ಹೇಳುವ ಚಿತ್ರದಲ್ಲಿ ಇದರ ನಾಲ್ಕು ಪಟ್ಟು ಚುಕ್ಕೆಗಳು. ನೋಡಲು ಚಂದ, ಆದರೆ ಜಾಗವೂ ಹೆಚ್ಚು ಬೇಕು. ಮನೆಯವರು ಮೊಬೈಲಿನಲ್ಲಿ ನೋಡುವುದಕ್ಕೆ ಅದು ಬೇಕಾಗಿಲ್ಲ.

ಚಿತ್ರದಲ್ಲಿ ಉಳಿಸಿದ ದುಡ್ಡನ್ನು ಧ್ವನಿಗೆ ಹಾಕಿ. ಬೆಲೆ ಕೇಳುವಾಗ ಎಲ್ಲರೂ ಮರೆಯುವುದು ಇದನ್ನೇ. ಕಡಲ ಗಾಳಿ ಮೈಕಿಗೆ ಬಡಿದರೆ ಬರೀ ‘ಭರ್‍ರ್’ ಎಂದು ಕೇಳುತ್ತದೆ. ನೀರು ಹೋಗದಂತೆ ಪ್ಲಾಸ್ಟಿಕ್ ಗೂಡಿನಲ್ಲಿಟ್ಟರೆ ಮಾತು ಹೊದಿಕೆಯೊಳಗಿಂದ ಬಂದಂತೆ ಇರುತ್ತದೆ. ಅಜ್ಜನ ಅಂಗಿಯ ಕಾಲರಿಗೆ ಸಿಕ್ಕಿಸುವ ಚಿಕ್ಕ ಮೈಕು, ಅದಕ್ಕೊಂದು ತುಪ್ಪಳದ ಟೊಪ್ಪಿ, ಇವೆರಡು ಇರಲಿ. ಎಂಜಿನ್ ನಿಲ್ಲಿಸಿದ ಹೊತ್ತಿಗೆ ಮಾತಾಡಿಸಿ.

ಯಾಕೆಂದರೆ ಅಲೆಯ ಚಿತ್ರ ನಾಳೆಯೂ ಸಿಗುತ್ತದೆ, ಅಜ್ಜನ ಮಾತು ಸಿಗದು. ಘಟ್ಟದ ಒಂದು ತುದಿ ತೆಂಗಿನ ತೋಪಿನ ಮೇಲೆ ನೇರ ಬರಬೇಕು, ಇನ್ನೊಂದು ಕಡೆ ದೇವಸ್ಥಾನ ಯಾವುದೋ ಗುಡ್ಡಕ್ಕೆ ನೇರ ಬರಬೇಕು. ಆ ಎರಡು ಗೆರೆ ಸೇರುವ ಕಡೆ ದೋಣಿ ನಿಲ್ಲಿಸುವುದು ಹಿರಿಯರ ಲೆಕ್ಕ. ನೀವು ರೇಖಾಗಣಿತದಲ್ಲಿ ಕಲಿಯುವುದೂ ಅದನ್ನೇ. ಈಗ ಜಿಪಿಎಸ್ ಬಂದಿದೆ. ಗೆರೆ ಕೂಡಿಸಲು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. 1970ರ ದಶಕದ ಕೊನೆಗೆ ಪರ್ಸಿನ್ ಬೋಟುಗಳು ಬಂದು ದೊಡ್ಡ ರಂಪಣಿಗಳು ಮೂಲೆ ಸೇರಿದವು. ಊರಿಗೂರೇ ಬಲೆ ಎಳೆಯುವಾಗಿನ ಕೂಗು ಹೇಗಿತ್ತೆಂದು ಕೇಳಿಸಲು ನಮ್ಮ ಮನೆಗಳಲ್ಲಿ ಒಂದು ತುಂಡು ಟೇಪೂ ಇಲ್ಲ.

ತಡವಾದರೆ ಏನಾಗುತ್ತದೆ ಎನ್ನುವುದಕ್ಕೆ ಹೊರದೇಶದ ಉದಾಹರಣೆಯೊಂದಿದೆ. 1934ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬವರು ಐರ್ಲೆಂಡಿನ ಅರಾನ್ ದ್ವೀಪದವರ ಬದುಕಿನ ಮೇಲೆ ‘ಮ್ಯಾನ್ ಆಫ್ ಅರಾನ್’ ಎಂಬ ಚಿತ್ರ ಮಾಡಿದರು. ಅದರಲ್ಲಿ ಬರುವ ದೊಡ್ಡ ಶಾರ್ಕ್ ಬೇಟೆಯನ್ನು ಅಲ್ಲಿಯವರು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಚಿತ್ರಕ್ಕಾಗಿ ಮತ್ತೆ ಕಲಿತು ಮಾಡಿದರು. ಧ್ವನಿಯನ್ನು ಆಮೇಲೆ ಲಂಡನ್ನಿನ ಸ್ಟುಡಿಯೋದಲ್ಲಿ ಸೇರಿಸಿದರು. ನಮ್ಮ ಅಜ್ಜಂದಿರು ಇನ್ನೂ ದಡದಲ್ಲೇ ಇದ್ದಾರಲ್ಲ!

ಒಂದು ಎಚ್ಚರಿಕೆ. ಮೊಬೈಲು, ಕ್ಯಾಮೆರಾಗಳು ಚಿತ್ರದ ಜೊತೆ ಜಾಗದ ಗುರುತನ್ನೂ ಬರೆದಿಡಬಲ್ಲವು. ಮೀನು ಸಿಗುವ ಜಾಗ ಮನೆಯ ಪಾಸ್‌ಬುಕ್ಕಿನಂತೆ, ಊರಿಗೆಲ್ಲ ತೋರಿಸುವಂಥದ್ದಲ್ಲ. ಅಜ್ಜ ಒಪ್ಪದೆ ಯಾರಿಗೂ ಕಳಿಸಬೇಡಿ. ಆ ಗುರುತಿನ ಗುಂಡಿಯನ್ನು ಮೊದಲೇ ಆರಿಸಿಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆ 61 ದಿನಗಳಲ್ಲಿ ಚಾವಡಿಯಲ್ಲಿ ಕೂತು ಬಲೆ ಹೊಲಿಯುವವರ ಎದುರು ಮೈಕ್ ಇಡಲು ಕ್ಯಾಮೆರಾವೇ ಬೇಕಾಗಿಲ್ಲ, ಅಮ್ಮನ ಮೊಬೈಲು ಸಾಕು. ಬಂಗುಡೆ ಯಾವ ಗಾಳಿಗೆ ಬರುತ್ತದೆ, ನೀರಿನ ಬಣ್ಣ ನೋಡಿ ಏನು ತಿಳಿಯುತ್ತದೆ, ಮೊದಲ ಸಲ ಹೆದರಿದ್ದು ಯಾವಾಗ, ಈ ಮೂರು ಪ್ರಶ್ನೆ ಕೇಳಿ. ಆಮೇಲೆ ಫೈಲಿಗೆ ತಾರೀಕು, ಊರು, ಮಾತಾಡಿದವರ ಹೆಸರು ಬರೆದು ಎರಡು ಕಡೆ ನಕಲು ಇಡಿ. ತಾರೀಕಿಲ್ಲದ ಚಲನ್ ಯಾವ ಬ್ಯಾಂಕಿನಲ್ಲೂ ಚಲಾವಣೆಯಾಗುವುದಿಲ್ಲ.