ಎಕರೆಗೆ ಎಷ್ಟು ಬಂತು ಅನ್ನೋದು ಸಾಕು, ಚೀಲಕ್ಕೆ ಎಷ್ಟು ಬಿತ್ತು ಅಂತ ಬರೆಯೋಣ

ಬೆಳೆಗೆ ಖರ್ಚಿನ ಒಂದೂವರೆ ಪಟ್ಟು ಬೆಲೆ ಕೊಡಬೇಕು ಅಂತ ನಾವು ರೈತರು ಎಷ್ಟೋ ವರ್ಷದಿಂದ ಕೂಗುತ್ತ ಬಂದೇವಿ. ಡಾ. ಸ್ವಾಮಿನಾಥನ್ ಅವರ ರಾಷ್ಟ್ರೀಯ ರೈತ ಆಯೋಗವೂ 2006ರಲ್ಲಿ ಇದನ್ನೇ ಹೇಳಿತು. ಬೇಡಿಕೆ ನ್ಯಾಯದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀಳಗಿ, ಮುಧೋಳ, ಜಮಖಂಡಿ ಸಂತೆಯಲ್ಲಿ ನಿಂತು ಹತ್ತು ಮಂದಿ ಒಣಬೇಸಾಯದವರನ್ನು ಕೇಳಿ ನೋಡಿರಿ: "ಒಂದು ಕ್ವಿಂಟಲ್ ಕಡ್ಲಿ ಬೆಳೀಲಿಕ್ಕೆ ನಿಮಗ ಎಷ್ಟು ಖರ್ಚು ಬಿತ್ರೀ?" ಹತ್ತರಲ್ಲಿ ಒಂಬತ್ತು ಮಂದಿ ಮುಗಿಲು ನೋಡ್ತಾರ. "ಎಕರೆಕ್ಕ ನಾಕು ಚೀಲ ಬಂತು" ಅಂತಾರ, ಅಷ್ಟೇ. ತನ್ನ ಖರ್ಚು ತನಗೇ ಗೊತ್ತಿಲ್ಲದವನು ಅದರ ಒಂದೂವರೆ ಪಟ್ಟು ಎಷ್ಟು ಅಂತ ಹೇಗೆ ಕೇಳ್ಯಾನು?

ನಮ್ಮ ಪಕ್ಕದಲ್ಲೇ ರಬಕವಿ-ಬನಹಟ್ಟಿ ಐತಿ. ಅಲ್ಲಿಯ ನೇಕಾರನ ಬದುಕೂ ಕಷ್ಟದ್ದೇ. ಆದರೆ ಅವನನ್ನು ಕೇಳಿರಿ, ಹಾಸಿಗೆ ಎಷ್ಟು ನೂಲು ಬೇಕು, ಅದರಲ್ಲಿ ಎಷ್ಟು ಸೀರೆ ಇಳೀತಾವ, ಸೀರೆಗೆ ಮಜೂರಿ ಎಷ್ಟು, ವಾರಕ್ಕೆ ಎಷ್ಟು ನೇಯ್ದರೆ ಮನೆ ನಡೀತದ, ಎಲ್ಲಾ ಬಾಯಿಪಾಠ. ವಾರದ ನಡುವೆ ಒಂದು ಸೀರೆ ಹಿಂದೆ ಬಿದ್ದರೆ ಅವನಿಗೆ ಅವತ್ತೇ ಗೊತ್ತಾಗ್ತದ. ನಮಗೆ ಗೊತ್ತಾಗೋದು ರಾಶಿ ಮಾಡಿದ ಮೇಲೆ, ಇಲ್ಲಾ ಸಾಲದ ನೋಟೀಸು ಬಂದ ಮೇಲೆ.

"ಅವಂದು ಮಗ್ಗ, ನಮ್ಮದು ಮಳಿ. ಮಳಿ ಕೈಯಾಗ ಇರಲಾರದಾಗ ಗುರಿ ಹೆಂಗ ಇಡೂದು?" ಅಂತ ನೀವು ಕೇಳಬಹುದು. ಮಾತು ಖರೆ. ವರ್ಷಕ್ಕೆ 550–600 ಮಿಲಿಮೀಟರ್ ಆಸುಪಾಸಿನ ಮಳೆ ನಮ್ಮದು, ಅದೂ ಹೇಳಿ ಕೇಳಿ ಬರೂದಲ್ಲ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಒಣಬೇಸಾಯದವನು ಇಳುವರಿಯ ಗುರಿ ಇಡಬಾರದು. ಎರಡು ಗುರಿ ಇಡಬೇಕು. ಒಂದು, ಯಾವ ಕೆಲಸ ಯಾವ ದಿನದೊಳಗೆ ಮುಗೀಬೇಕು. ಎರಡು, ಒಂದು ಚೀಲಕ್ಕೆ ಖರ್ಚು ಎಷ್ಟರೊಳಗೆ ಇರಬೇಕು. ಇವೆರಡೂ ಬಹಳಮಟ್ಟಿಗೆ ನಮ್ಮ ಕೈಯಾಗ ಇರೋವು.

ಒಂದು ಎಕರೆಯ ಲೆಕ್ಕ

ನನಗೆ ಏಳು ಎಕರೆ ಎರಿ ಹೊಲ. ನಾಲ್ಕು ಎಕರೆ ಕಡಲೆ, ಮೂರು ಎಕರೆ ಬಿಳಿಜೋಳ. 2024-25ರ ಹಿಂಗಾರಿಯಲ್ಲಿ ಒಂದು ಎಕರೆ ಕಡಲೆಗೆ ನನ್ನ ಪುಸ್ತಕದಲ್ಲಿ ಇರೋ ಲೆಕ್ಕ ಹೀಗಿದೆ: ಬೀಜ 2,000 ರೂ., ಹರಗಿ ಬಿತ್ತಿದ್ದು 2,600, ಗೊಬ್ಬರ 1,350, ಕಾಯಿ ಕೊರೆಯೋ ಹುಳಕ್ಕೆ ಎರಡು ಸಲ ಎಣ್ಣೆ ಹೊಡೆದದ್ದು 1,900, ಕಳೆ ತೆಗೆದದ್ದು 1,500, ಕೀಳಿಸಿದ್ದು 1,800, ಮಷಿನ್, ಚೀಲ, ಗಾಡಿ ಬಾಡಿಗೆ 1,450. ಒಟ್ಟು 12,600. ಬಂದದ್ದು 4 ಕ್ವಿಂಟಲ್. ಕ್ವಿಂಟಲಿಗೆ 3,150 ಆಯಿತು. ಬಹಳ ಮಂದಿ ಇಲ್ಲಿಗೇ ಲೆಕ್ಕ ಮುಗಿಸಿ ಲಾಭ ಅಂತಾರ.

ಆದರೆ ನಾನು, ನಮ್ಮ ಮನೆಯಾಕಿ ದುಡಿದ ದಿನ? ಇಬ್ಬರದೂ ಕೂಡಿ 14 ಆಳು, 300ರಂತೆ 4,200. ಈಗ ಖರ್ಚು 16,800, ಕ್ವಿಂಟಲಿಗೆ 4,200. ಸರಕಾರ ಆ ಹಿಂಗಾರಿ ಕಡಲೆಗೆ ಖರ್ಚು 3,527 ಅಂತ ಹಿಡಿದು 5,650 ಬೆಂಬಲ ಬೆಲೆ ಸಾರಿತ್ತು. ಆ ಲೆಕ್ಕದಲ್ಲಿ ಮನೆಮಂದಿಯ ದುಡಿಮೆಗೂ ಕೂಲಿ ಹಿಡೀತಾರ. ದಿಲ್ಲಿಯವರು ನಮ್ಮ ಹೆಂಡರು ಮಕ್ಕಳ ದುಡಿಮೆಗೆ ಬೆಲೆ ಕಟ್ಟುವಾಗ ನಾವೇ ಕಟ್ಟದಿದ್ದರೆ ಹೇಗೆ? ಇಡೀ ದೇಶದ ಸರಾಸರಿಗಿಂತ ನನ್ನ ಖರ್ಚು 673 ರೂಪಾಯಿ ಹೆಚ್ಚು ಅಂತ ಬರೆದಿದ್ದಕ್ಕೇ ಗೊತ್ತಾಯಿತು. ಇನ್ನೊಂದು ಮಾತು: ಅದೇ ಖರ್ಚಿಗೆ ಮೂರೇ ಕ್ವಿಂಟಲ್ ಬಂದರೆ ಚೀಲಕ್ಕೆ 5,600 ಬೀಳ್ತದ. ಬೆಂಬಲ ಬೆಲೆ ಸಿಕ್ಕರೂ ಕೈಗೆ ಉಳಿಯೋದು 50 ರೂಪಾಯಿ.

ಹಾಗಾದರೆ ಎಲ್ಲಿ ಹಿಡಿಯಬೇಕು? ಸಾಲು ಸಾಲು ನೋಡಿದರೆ ದಾರಿ ಕಾಣ್ತದ. ಮನೆಯ ಬೀಜ ಆರಿಸಿ ಇಟ್ಟುಕೊಂಡರೆ, ಅದಕ್ಕೂ ಪೇಟೆ ಧಾರಣೆ ಹಿಡಿದು, 1,250ರಲ್ಲಿ ಆಗ್ತದ. ಹುಳ ಮೊಟ್ಟೆ ಇಡುವಾಗಲೇ ಬೇವಿನ ಬೀಜದ ಕಷಾಯ ಹೊಡೆದು ಎಣ್ಣೆ ಒಂದೇ ಸಲಕ್ಕೆ ಇಳಿಸಿದರೆ 1,150. ಎರಡೂ ಸೇರಿ ಎಕರೆಗೆ 1,500 ಉಳಿತಾಯ, ಕ್ವಿಂಟಲಿಗೆ 375. ನಾಲ್ಕು ಎಕರೆಗೆ 6,000. ನಮ್ಮ ಮನೆಗೆ ಅದು ಸಣ್ಣ ರೊಕ್ಕ ಅಲ್ಲ. "ಈ ವರ್ಷ ಖರ್ಚು ಕಡಿಮಿ ಮಾಡೂಣು" ಅನ್ನೋದು ಬರೀ ಮಾತು. "ಕ್ವಿಂಟಲಿಗೆ 3,825 ದಾಟಬಾರದು" ಅನ್ನೋದು ಗುರಿ.

ದಿನದ ಗುರಿ

ಕೆಲಸದ ಗುರಿಯೂ ಹಾಗೇ. ಶ್ರಾವಣ ಮುಗಿಯೋದರೊಳಗೆ ಒಡ್ಡು ಹರಿದಲ್ಲಿ ಕಟ್ಟಿರಬೇಕು, ಚೌಕಮಡಿ ಆಗಿರಬೇಕು. ಉತ್ತರಿ ಮಳೆಗೆ ಬೀಜ ಮನೆಯಲ್ಲಿ ಇರಬೇಕು. ಹಸ್ತದ ಹದ ಸಿಕ್ಕ ದಿನ ಕೂರಿಗೆ ಹುಡುಕುತ್ತ ಊರು ತಿರುಗಬಾರದು. 2023ರಲ್ಲಿ ಬರ ಬಿತ್ತು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸಾರಿದರು. ಅಂಥ ವರ್ಷ ಎಕರೆಗೆ ನಾಲ್ಕು ಚೀಲ ಅಂತ ಗುರಿ ಬರೆದವನು ಎದೆ ಒಡಕೋಬೇಕು. ಮಡಿ ಕಟ್ಟೋದೇ ಗುರಿ ಅಂತ ಬರೆದವನಿಗೆ ಬಿದ್ದ ಒಂದೆರಡು ಮಳೆಯಾದರೂ ಹೊಲದಲ್ಲೇ ಇಂಗ್ತಾವ, ದನಕ್ಕೆ ಕಣಿಕಿ ಆದರೂ ಆಗ್ತದ.

ಸಾಲ ಕಟ್ಟೋ ದಿನವನ್ನೂ ಇದೇ ಪುಟದಲ್ಲಿ ಬರೀರಿ. ಸಹಕಾರ ಸಂಘದ ಬೆಳೆಸಾಲ ಅವಧಿಯೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ದಿನ ತಪ್ಪಿದರೆ ಆ ಸವಲತ್ತು ಹೋಯಿತು.

ಬರೆಯೋದು ಹೇಗೆ

ದೊಡ್ಡ ವಿದ್ಯೆ ಏನೂ ಬೇಡ. ನಾನು ಓದಿದ್ದು ಏಳನೇ ಇಯತ್ತೆ. ನೂರು ಪುಟದ ನೋಟುಬುಕ್ಕು ಸಾಕು.

1. ಹೊಲಕ್ಕೊಂದು ಪುಟ, ಬೆಳೆಗೊಂದು ಪುಟ. ಎಲ್ಲಾ ಕಲೆಸಿ ಬರೆದರೆ ಯಾವುದರಲ್ಲಿ ಹೋಯಿತು ಅಂತ ತಿಳಿಯೋದಿಲ್ಲ.

2. ಕೊಟ್ಟ ರೊಕ್ಕ ಅದೇ ದಿನ ರಾತ್ರಿ ಬರೀಬೇಕು. ಉದ್ರಿ ತಂದದ್ದನ್ನು ತಂದ ದಿನವೇ ಬರೀಬೇಕು, ಕೊಟ್ಟ ದಿನ ಅಲ್ಲ.

3. ಮನೆ ಆಳು, ಮನೆ ಎತ್ತು, ಮನೆ ಬೀಜ, ತಿಪ್ಪೆ ಗೊಬ್ಬರ ಎಲ್ಲಕ್ಕೂ ಊರ ಧಾರಣೆ ಹಚ್ಚಬೇಕು.

4. ಅಮವಾಸ್ಯೆಗೆ ಎತ್ತಿನ ಹೆಗಲ ಮೇಲೆ ನೊಗ ಇಡೋದಿಲ್ಲ. ಅವತ್ತು ಪುಸ್ತಕ ತೆಗೆದು ಮನೆಮಂದಿ ಕೂತು ನೋಡಬೇಕು: ಯಾವ ಕೆಲಸ ಮುಗೀತು, ಯಾವುದು ಹಿಂದೆ ಬಿತ್ತು, ಖರ್ಚು ಎಲ್ಲಿಗೆ ಬಂತು.

5. ಅಡತಿಯಿಂದ ಬಂದ ಪಟ್ಟಿ ಅದರಲ್ಲೇ ಅಂಟಿಸಬೇಕು. ಒಂದು ವರ್ಷ ನನ್ನ 12 ಚೀಲಕ್ಕೆ 14 ಚೀಲದ ಹಮಾಲಿ ಹಿಡಿದಿದ್ದರು. ಪುಸ್ತಕ ತೋರಿಸಿದ ಮೇಲೆ ಸುಮ್ಮನೆ ತಿರುಗಿ ಕೊಟ್ಟರು. ಬಾಯಿಮಾತಿಗೆ ಕೊಡ್ತಿದ್ದಿಲ್ಲ.

ಪುಸ್ತಕ ಹೇಳಿದ ಮಾತು

ಹೋದ ವರ್ಷ ಮಗ ಬೋರಿನ ಮಾತು ತೆಗೆದ. "ಅಪ್ಪಾ, ಹೊಳಿ ಕಡೆ ಎಲ್ಲಾ ಕಬ್ಬು ಹಚ್ಚ್ಯಾರ. ನಾವಷ್ಟ ಎಷ್ಟು ದಿನ ಮಳಿ ಕಾಯೂದು? ಸಾಲ ಮಾಡಿ ಬೋರ್ ಹಾಕ್ಸೂಣು" ಅಂದ. ಹರೇದ ಹುಡುಗ, ಅವನ ಆಸೆ ತಪ್ಪಲ್ಲ. ನಾನು ಬೇಡ ಅನ್ನಲಿಲ್ಲ, ಬೈಯಲೂ ಇಲ್ಲ. ಮೂರು ವರ್ಷದ ಪುಸ್ತಕ ಮುಂದಿಟ್ಟೆ, ಅವನೇ ಕೂಡಿಸಿದ. ಎಮ್ಮೆಯ ಹಾಲಿನ ರೊಕ್ಕ ಸೇರಿ ಕೈಗೆ ಉಳಿದದ್ದು ವರ್ಷಕ್ಕೆ ಸರಾಸರಿ 38,000. ಬೋರು, ಮೋಟರು, ಪೈಪು ಅಂತ 3 ಲಕ್ಷ ಹಿಡಿದು ಐದು ವರ್ಷದಲ್ಲಿ ತೀರಿಸಬೇಕಂದರೆ ಅಸಲೇ ವರ್ಷಕ್ಕೆ 60,000, ಬಡ್ಡಿ ಬೇರೆ. ನೀರು ಬೀಳದಿದ್ದರೆ ಹೊಲವೇ ಹೋಗ್ತದ. ಅವನೇ ಪೆನ್ನು ಇಳಿಸಿ, "ಮೊದಲ 50,000 ಉಳಿಸೂಣು, ಆಮ್ಯಾಲ ನೋಡೂಣು" ಅಂದ. ಅದನ್ನೇ ಗುರಿ ಅಂತ ಬರೆದಿಟ್ಟಾನ. ಈಗ ಪುಸ್ತಕ ಬರೆಯೋವನೂ ಅವನೇ. ಇದೇ ಮಾತು ನಾನು ಬಾಯಲ್ಲಿ ಹೇಳಿದ್ದರೆ ಮನೆಯಲ್ಲಿ ಜಗಳ ಆಗ್ತಿತ್ತು.

ದೊಡ್ಡ ಗುರಿ ಇಡಬೇಡಿ ಅಂತ ನಾನು ಹೇಳ್ತಿಲ್ಲ. ನಮ್ಮ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲೇ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಹಾಕಿ, ಮೈಮುರಿದು ದುಡಿದು ಹೊಳೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಅಂತ ಅದಕ್ಕೆ ಹೆಸರು. ಹೊಳೆಯಲ್ಲಿ ಕಟ್ಟೋ ಕೆಲಸ ಅಂದರೆ ತುಂಬಿ ಬರೋದರೊಳಗೆ ಆಗಬೇಕು, ನಾಳೆ ಅನ್ನೋ ಮಾತಿಲ್ಲ. ಯಾರು ಎಷ್ಟು ಕೊಟ್ಟರು, ಎಷ್ಟು ಕೆಲಸ ಉಳೀತು ಅಂತ ಲೆಕ್ಕ ಇಲ್ಲದೆ ಅಂಥ ಕೆಲಸ ಆಗೋದಿಲ್ಲ. ಊರು ಕೂಡಿ ಮಾಡಿದ ಕೆಲಸಕ್ಕೆ ಬೇಕಾದ ಲೆಕ್ಕ ಒಬ್ಬನ ಏಳು ಎಕರೆಗೆ ಬೇಡವೇ?

ರೈತ ಬಾಂಧವರೇ, ಮುಂದಿನ ಅಮವಾಸ್ಯೆಗೆ ಒಂದು ನೋಟುಬುಕ್ಕು ತನ್ನಿರಿ. ಒಂದೇ ಬೆಳೆಗೆ ಬರೀರಿ ಸಾಕು. ರಾಶಿ ಆದ ಮೇಲೆ ಚೀಲಕ್ಕೆ ಎಷ್ಟು ಬಿತ್ತು ಅಂತ ಈ ಪತ್ರಿಕೆಗೆ ಒಂದು ಕಾರ್ಡು ಹಾಕಿರಿ. ನೂರು ಮಂದಿಯ ನೂರು ಲೆಕ್ಕ ಒಂದೆಡೆ ಕೂಡಿದರೆ, ಬೆಲೆ ಕೇಳಲಿಕ್ಕೆ ಹೋದಾಗ ನಮ್ಮ ಕೈಯಲ್ಲಿ ಕಾಗದ ಇರ್ತದ.